ಡ್ರಾಯರಿನಲ್ಲಿ ಒಂದು ತಿಂಗಳು

1985ರಲ್ಲಿ ನಾನು ಬಾಗಲಕೋಟೆಯ ಡೀಲರ್ ಅಂಗಡಿಯೊಂದರಲ್ಲಿ ಏರ್ ಕಂಡೀಷನರ್ ಮೆಕ್ಯಾನಿಕ್ ಆಗಿದ್ದೆ. ಏಪ್ರಿಲ್‌ನಲ್ಲಿ ಕಂಪನಿಯಿಂದ ಪತ್ರ ಬಂತು: ಒಂದು ಬ್ಯಾಚಿನ ಯಂತ್ರಗಳಲ್ಲಿ ಟರ್ಮಿನಲ್, ಅಂದರೆ ಕಂಪ್ರೆಸರಿಗೆ ವಿದ್ಯುತ್ ತಂತಿ ಜೋಡಿಸುವ ಜಾಗ, ಕಾಯ್ದು ಹೊತ್ತಿಕೊಳ್ಳುವ ಸಂಭವವಿದೆ, ವಾಪಸ್ ಪಡೆಯಿರಿ. ನಮ್ಮ ಭಾಗದಲ್ಲಿ ಅಂಥವು ಐದಿದ್ದವು. ಮಾಲೀಕರು ಪತ್ರವನ್ನು ಡ್ರಾಯರಿಗೆ ತಳ್ಳಿ, "ಬ್ಯಾಸಿಗಿ ಮುಗೀಲಿ. ಈಗ ಬಿಚ್ಚಿಕೊಂಡ ಬಂದ್ರ ಗಿರಾಕಿ ಸುಮ್ನ ಬಿಡ್ತಾರೇನ?" ಎಂದರು. ನಾನೂ ಬಾಯಿ ಮುಚ್ಚಿಕೊಂಡೆ.

ಮೇ ತಿಂಗಳಲ್ಲಿ ಇಳಕಲ್ಲಿನ ಹೆರಿಗೆ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಆ ಐದರಲ್ಲಿ ಒಂದು ಯಂತ್ರ ಹೊತ್ತಿಕೊಂಡಿತು. ಮಗು ತೆಗೆದು ತಾಯಿಗೆ ಹೊಲಿಗೆ ಹಾಕುತ್ತಿದ್ದ ಹೊತ್ತು. ಆಯಾ ನೀಲವ್ವ ಮೇನ್ ಸ್ವಿಚ್ ಆರಿಸಿ ಮರಳು ಎರಚಿದ್ದಳು. ಉಳಿದ ಹೊಲಿಗೆಯನ್ನು ಡಾಕ್ಟರು ಟಾರ್ಚ್ ಬೆಳಕಿನಲ್ಲಿ ಮುಗಿಸಿದ್ದರು.

ಮರುದಿನ ಕಂಪನಿಯ ಇಂಜಿನಿಯರರ ಜೊತೆ ಹೋದೆ. ಊರ ಸುತ್ತಲಿನ ಕಲ್ಲುಗಣಿಗಳ ಗ್ರಾನೈಟ್ ಧೂಳು ಒಳಬರದಿರಲೆಂದು ನೀಲವ್ವ ಯಂತ್ರದ ಹಿಂಬದಿಗೆ ಹಳೆಯ ಸೀರೆ ಹೊದಿಸಿದ್ದಳು. ಬೀಸುವ ದೊಣ್ಣೆ ತಪ್ಪಿದರೆ ಸಾಕೆನ್ನುವ ಆ ಇಂಜಿನಿಯರರಿಗೆ ಅಷ್ಟೇ ಬೇಕಾಗಿತ್ತು. "ಗ್ರಾಹಕರ ನಿರ್ಲಕ್ಷ್ಯ ಅಂತ ಬರೆದು ಸಹಿ ಹಾಕಿ" ಎಂದರು. ಪತ್ರದ ಮಾತೇ ಎತ್ತಲಿಲ್ಲ. ಯಂತ್ರಕ್ಕೆ ಬಟ್ಟೆ ಹೊದಿಸಬಾರದು, ಒಪ್ಪುತ್ತೇನೆ. ಆದರೆ ನನ್ನ ಸಹಿ ಬಿದ್ದರೆ ನೀಲವ್ವನ ನೌಕರಿ ಹೋಗುತ್ತಿತ್ತು, ಉಳಿದ ನಾಲ್ಕು ಯಂತ್ರಗಳು ಇದ್ದಲ್ಲೇ ಇರುತ್ತಿದ್ದವು.

ಮುಚ್ಚಳ ಬಿಚ್ಚಿದೆ. ತಂತಿಯ ಸ್ಕ್ರೂ ಸಡಿಲ, ಟರ್ಮಿನಲ್ ಕರಗಿ ಮುದ್ದೆಯಾಗಿತ್ತು. ನೀಲವ್ವ ಬಗ್ಗಿ ನೋಡಿದಳು. ಅವಳದು ನೇಕಾರರ ಮನೆ. ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಮಗ್ಗದ ಮೇಲೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ತೆನಿ ಎನ್ನುತ್ತಾರೆ.

"ನೀವು ತೆನಿ ಸಡ್ಲ ಹಾಕಿ ಕೊಟ್ಟು, ಸೆರಗ ಕಿತ್ತ ಮ್ಯಾಲೆ ಉಟ್ಟಾಕಿನ್ನ ಬೈತೀರೇನ್ರಿ ಸಾಹೇಬ್ರ?" ಎಂದು ಇಂಜಿನಿಯರರನ್ನು ಕೇಳಿದಳು.

ನಾನು ಸಹಿ ಹಾಕಲಿಲ್ಲ. ಅಂದೇ ಬಾದಾಮಿಗೆ ಬಸ್ ಹಿಡಿದು ಅಲ್ಲಿನ ಲಾಡ್ಜಿನಲ್ಲಿದ್ದ ಅದೇ ಬ್ಯಾಚಿನ ಯಂತ್ರ ಬಿಚ್ಚಿದೆ. ಅದಕ್ಕೆ ಯಾರೂ ಬಟ್ಟೆ ಹೊದಿಸಿರಲಿಲ್ಲ. ಟರ್ಮಿನಲ್ ಆಗಲೇ ಅರ್ಧ ಸುಟ್ಟಿತ್ತು. ಎರಡೂ ಟರ್ಮಿನಲ್ ತಂದು ಮಾಲೀಕರ ಮೇಜಿನ ಮೇಲೆ ಒಗೆದೆ. "ಡ್ರಾಯರ್ ತಗೀರಿ. ಇಲ್ಲಾಂದ್ರ ಪತ್ರದ ಸುದ್ದಿ ನಾನ ಊರಿಗೆಲ್ಲಾ ಹೇಳ್ತೇನಿ" ಎಂದು ಕೂಗಿದೆ. ವಾರದೊಳಗೆ ನಾಲ್ಕೂ ವಾಪಸ್ ಬಂದವು.

ಆಸ್ಪತ್ರೆಗೆ ಹೊಸ ಯಂತ್ರ ಕೂಡಿಸಲು ಹೋದಾಗ ನೀಲವ್ವನಿಗೆ ಪತ್ರದ ವಿಷಯ ನಾನೇ ಹೇಳಿದೆ. ಶಹಬ್ಬಾಸ್ ಅಂದಾಳೆಂದು ಕಾದಿದ್ದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಹಂಗಂದ್ರ ನಿಮಗ ಒಂದ ತಿಂಗಳ ಮೊದಲ ಗೊತ್ತಿತ್ತು."

ಇಂಜಿನಿಯರರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ನನ್ನ ಕಡೆಗೆ ತಿರುಗಿತು. ಇಷ್ಟು ವರ್ಷವಾದರೂ ಇಳಿದಿಲ್ಲ. ಸಡಿಲ ಸ್ಕ್ರೂ ಕಾರ್ಖಾನೆಯವರದು. ಆ ಒಂದು ತಿಂಗಳು ನಮ್ಮದು. ಎಚ್ಚರಿಕೆ ಕೈಸೇರಿದ ದಿನವೇ ಹೊರಡಬೇಕು. ಇಷ್ಟು ಕಲಿಯಲು ನನಗೆ ಒಬ್ಬ ಬಾಣಂತಿಯ ಹೊಲಿಗೆ ಅರ್ಧಕ್ಕೆ ನಿಲ್ಲಬೇಕಾಯಿತು.