ಐಲಾಳ ಪಾಲಿಗೆ ಬಿದ್ದ ಬಲೆಯ ಪ್ರಸ್ತಾವ

ಈ ಒರೆಗಾನ್ ರಾಜ್ಯದಲ್ಲಿ ಕಾನೂನು ಮಾಡುವವರು ಶಾಸಕರಷ್ಟೇ ಅಲ್ಲ, ನಾವೂ ಹೌದು. ಎರಡು ವರ್ಷಕ್ಕೊಮ್ಮೆ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಅಭ್ಯರ್ಥಿಗಳ ಹೆಸರುಗಳ ಕೆಳಗೆ ಹೊಸ ಕಾನೂನುಗಳ ಪ್ರಸ್ತಾವಗಳು, ಪ್ರತಿಯೊಂದರ ಪಕ್ಕ ಹೌದು, ಇಲ್ಲ ಎಂಬ ಎರಡು ಗೂಡು. ಅಡುಗೆಮನೆಯ ಮೇಜಿನ ಮೇಲಿಟ್ಟು ಯಾವುದಾದರೂ ಒಂದಕ್ಕೆ ಶಾಯಿ ತುಂಬುತ್ತೇವೆ. ಆಮೇಲೆ ಕೆಟ್ಟದ್ದೇನಾದರೂ ಆದರೆ ರಾಜಧಾನಿಯ ಕಡೆ ತಿರುಗಿ ಬೈಯುತ್ತೇವೆ.

ಐಲಾ ನಿಸ್ಕನೆನ್ ಹಾಗೆ ಬೈಯುವುದನ್ನು ಬಿಟ್ಟಿದ್ದಳು. ಬಿಡಲು ಕಾರಣವಿತ್ತು.

ನದಿ ಸಮುದ್ರ ಸೇರುವ ನಮ್ಮ ಆಲ್ಡರ್ ಪಾಯಿಂಟ್‌ನಲ್ಲಿ ನಿಸ್ಕನೆನ್ ಮನೆಯವರೆಂದರೆ ಬಲೆಯವರು. ಅಜ್ಜ ಫಿನ್ಲೆಂಡಿನಿಂದ ಬಂದು ಸಾಲ್ಮನ್ ಹಿಡಿದ, ಅಪ್ಪ ಹಿಡಿದ, ಈಗ ತಮ್ಮ ಟೌನೊ ಹಿಡಿಯುತ್ತಾನೆ. ಐಲಾ ಮಾತ್ರ ಸೌಟು ಹಿಡಿದಳು. ಊರಿನ ಶಾಲೆಯ ಅಡುಗೆಮನೆಯಲ್ಲಿ ಅವಳು ಬೇಯಿಸಿದ ಬಟಾಣಿ ಸಾರು ಕುಡಿದವರೇ ಈಗ ಇಲ್ಲಿ ಪೊಲೀಸರು, ದರ್ಜಿಗಳು, ಕುಡುಕರು. ಎಲ್ಲರಿಗೂ ಒಂದೇ ಅಳತೆ ಬಡಿಸಿದ್ದಳು.

ಶನಿವಾರ ಅವಳ ಹಿತ್ತಿಲಿನ ಸೌನಾದಲ್ಲಿ ಮೂವರು ಹೆಂಗಸರು ಸೇರುತ್ತಾರೆ: ಐಲಾ, ದಾದಿಯಾಗಿ ನಿವೃತ್ತಳಾದ ಹಿಲ್ಯಾ, ಹೂವಿನಂಗಡಿಯ ಲೆಂಪಿ. ಕಾದ ಕಲ್ಲಿಗೆ ನೀರು ಸುರಿದು, ಹಬೆಯಲ್ಲಿ ಕೂತು ಊರನ್ನೆಲ್ಲ ತೊಳೆದು, ಆಮೇಲೆ ಒಳಗೆ ಬಂದು ಕಾಫಿ, ಏಲಕ್ಕಿ ಹಾಕಿ ಜಡೆಯಂತೆ ಹೆಣೆದ ರೊಟ್ಟಿ. ಚುನಾವಣೆಯ ವರ್ಷ ಇದಕ್ಕೊಂದು ಬಾಲ ಸೇರುತ್ತದೆ. ಪ್ರಸ್ತಾವಗಳ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಕಾಫಿ ಡಬ್ಬಕ್ಕೆ ಹಾಕಿ ಎತ್ತುತ್ತಾರೆ. ಯಾರ ಪಾಲಿಗೆ ಯಾವುದು ಬಂತೋ ಅವಳು ಅದನ್ನು ಓದಿಕೊಂಡು ಬರಬೇಕು. ಅವಳು ಹೇಳಿದಂತೆ ಮೂವರೂ ಗೂಡು ತುಂಬುವುದು. ಮತದಾರರಿಗೆಂದು ಸರ್ಕಾರ ಕಳಿಸುವ ದಪ್ಪ ಕೈಪಿಡಿಯನ್ನು ಪೂರ್ತಿ ಓದುವ ಪುರುಸೊತ್ತು ಯಾರಿಗಿದೆ?

ಹಿಂದಿನ ಚುನಾವಣೆಯಲ್ಲಿ ಮನೆ ತೆರಿಗೆಯ ಪ್ರಸ್ತಾವ ಲೆಂಪಿಯ ಪಾಲಿಗೆ ಬಂದಿತ್ತು. "ತೆರಿಗೆ ಇಳಿಯತ್ತೆ ಕಣ್ರೇ, ಇದರಲ್ಲಿ ಯೋಚನೆ ಮಾಡೋಕೇನಿದೆ?" ಎಂದಳು. ಮೂವರೂ ಹೌದು ಎಂದು ತುಂಬಿದರು. ಪ್ರಸ್ತಾವ ಗೆದ್ದಿತು, ತೆರಿಗೆಯೂ ಇಳಿಯಿತು. ಶಾಲೆ ನಡೆಯುತ್ತಿದ್ದದ್ದು ಆ ತೆರಿಗೆಯ ದುಡ್ಡಿನಲ್ಲೇ. ಮರುಬೇಸಿಗೆಯಲ್ಲಿ ಶಾಲೆಯ ಅಡುಗೆಮನೆ ಮುಚ್ಚಿತು. ಈಗ ಮಕ್ಕಳಿಗೆ ಲಾರಿಯಲ್ಲಿ ಹೆಪ್ಪುಗಟ್ಟಿದ ಊಟ ಬರುತ್ತದೆ. ಐಲಾ ಪಕ್ಕದೂರಿನ ವೃದ್ಧಾಶ್ರಮದಲ್ಲಿ ಆಲೂಗಡ್ಡೆ ಬೇಯಿಸುತ್ತಾಳೆ. ತನ್ನ ಒಲೆಯನ್ನು ತಾನೇ ಆರಿಸಿಕೊಂಡವಳು ಯಾರನ್ನು ಬೈಯಬೇಕು?

ಈ ಸಲ ಡಬ್ಬಕ್ಕೆ ಕೈ ಹಾಕಿದರೆ ಅವಳಿಗೆ ಬಂದದ್ದು ಬಲೆಯ ಪ್ರಸ್ತಾವ: ನದಿಯ ಮುಖ್ಯ ಹರಿವಿನಲ್ಲಿ ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆಗಳನ್ನು ನಿಷೇಧಿಸುವುದು. ಎಂದರೆ ಟೌನೊನ ಬಲೆ, ಟೌನೊನ ಅನ್ನ.

ಸುದ್ದಿ ಅವಳಿಗಿಂತ ಮೊದಲೇ ಟೌನೊನ ಬಲೆಮನೆ ತಲುಪಿತ್ತು.

"ನಿನ್ನ ಪಾಲಿಗೇ ಬಂತಂತಲ್ಲ ಅಕ್ಕ! ದೇವರಿದಾನೆ ಬಿಡು."

"ದೇವರಲ್ಲ ಕಣೋ, ಕಾಫಿ ಡಬ್ಬ."

"ಯಾವುದೋ ಒಂದು. ಮೂರು ಓಟಂತೂ ಗ್ಯಾರಂಟಿ ಆಯ್ತು."

"ನೀನು ಅದನ್ನ ಓದಿದ್ಯಾ?"

"ತಲೆ ಕಡಿಯೋ ಕತ್ತಿ ಎಲ್ಲಿ ತಯಾರಾಯ್ತು ಅಂತ ಕೋಳಿ ಓದತ್ತಾ?"

"ಓದಿದ್ರೆ ಅಷ್ಟು ಹೊತ್ತಾದ್ರೂ ಬದುಕಿರ್ತಿತ್ತು."

ಆಲೂಗಡ್ಡೆ ಬೇಯುವಷ್ಟು ಹೊತ್ತು ಅವಳು ದಿನವೂ ಓದಿದಳು. ಕೈಪಿಡಿಯಲ್ಲಿ ಪರವಾಗಿ ಒಂದಷ್ಟು ಪುಟ, ವಿರುದ್ಧವಾಗಿ ಒಂದಷ್ಟು ಪುಟ. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ತಮ್ಮ ವಾದ ಅಚ್ಚು ಹಾಕಿಸಬಹುದು. ಅಚ್ಚಾದ ಮಾತು ನಿಜವೋ ಸುಳ್ಳೋ ಎಂದು ನೋಡುವ ಕೆಲಸ ಯಾರದ್ದೂ ಅಲ್ಲ. ನೆನಪಿರಲಿ, ಇದನ್ನೇ ನಾವು ಓದಿಕೊಂಡವರ ಪ್ರಜಾಪ್ರಭುತ್ವ ಎಂದು ಹೊರಗಿನವರೆದುರು ಕೊಚ್ಚಿಕೊಳ್ಳುವುದು. ಕೊನೆಗೆ, ಸಣ್ಣ ಅಕ್ಷರದಲ್ಲಿ ಕಾನೂನಿನ ಮೂಲ ಪಾಠವಿತ್ತು. ಅಲ್ಲಿ ಐಲಾಳಿಗೆ ಒಂದು ಸಾಲು ಸಿಕ್ಕಿತು: ತೊಟ್ಟಿಯಲ್ಲಿ ಸಾಕಿದ ಮೀನುಮರಿಗಳನ್ನು ಬಿಡುವ ಪಕ್ಕದ ಕೊಲ್ಲಿಗಳಲ್ಲಿ ಬಲೆ ಹಾಕಬಹುದು. ಟೌನೊನ ಮೀನುಗಾರರ ಸಂಘದವರು ಬರೆಸಿದ ಪುಟದಲ್ಲಿ ಈ ಮಾತೇ ಇರಲಿಲ್ಲ. ಎದುರಿನವರ ಪುಟದಲ್ಲೂ ಒಂದು ಮಾತು ನಾಪತ್ತೆಯಾಗಿತ್ತು: ಮೋಜಿಗೆ ಗಾಳ ಹಾಕುವವರಿಗೆ ಅದೇ ಹರಿವು ಎಂದಿನಂತೆ ತೆರೆದಿರುತ್ತದೆ.

ಕೊಲ್ಲಿಯ ಸಾಲನ್ನು ಬಾಯಿಬಿಟ್ಟರೆ ತಮ್ಮನಿಗೆ ಓಟು ತಪ್ಪಬಹುದು. ಬಿಡದಿದ್ದರೆ ಅವಳಿಗೂ ಅಂದಿನ ಲೆಂಪಿಗೂ ವ್ಯತ್ಯಾಸವೇನು?

ಶನಿವಾರ ಮೈ ಒರೆಸಿಕೊಂಡು ಮೇಜಿಗೆ ಬಂದಾಗ ಲೆಂಪಿ ಪೆನ್ನು ಹಿಡಿದೇ ಕೂತಿದ್ದಳು.

"ಬಲೇದಕ್ಕೆ 'ಇಲ್ಲ' ತಾನೆ? ತುಂಬಿಬಿಡ್ಲಾ?"

ಐಲಾ ಅವಳ ಮತಪತ್ರದ ಮೇಲೆ ಅಂಗೈ ಇಟ್ಟಳು. "ಪೆನ್ನು ಕೆಳಗಿಡು."

"ತೆಗಿಯೇ ಕೈನ, ಬೆಣ್ಣೆ ಮೆತ್ಕೊಳತ್ತೆ."

"ಹೋದ ಸಲ ನಿನ್ನ ಮಾತು ಕೇಳಿ ನನ್ನ ಒಲೆ ಆರ್ತು."

"ಅಯ್ಯೋ, ಎರಡು ವರ್ಷ ಆಯ್ತು, ಇನ್ನೂ ಅದನ್ನೇ ಜಗೀತಿದ್ಯಾ ತಾಯಿ?"

"ಜಗೀತಿಲ್ಲ, ನುಂಗಿದೀನಿ. ಅದಕ್ಕೇ ಹೇಳ್ತಿರೋದು, ಸುಮ್ನೆ ಕೇಳು."

ಮೂಲ ಪಾಠವನ್ನು ಅವಳು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಕೊಲ್ಲಿಯ ಸಾಲು ಓದಿದಳು, ಗಾಳದವರ ವಿಷಯವನ್ನೂ ಹೇಳಿದಳು. ಕಾಫಿ ಆರಿತು.

"ಈಗ ನೀನು ಏನು ಹಾಕ್ತೀಯ, ಅದನ್ನ ಹೇಳು," ಎಂದಳು ಹಿಲ್ಯಾ.

"ಹೇಳಲ್ಲ."

"ನಾವೇನು ಹೊರಗಿನವರಾ?"

"ನಾನು ಟೌನೊನ ಅಕ್ಕ. ನನ್ನದು ಹೇಳಿದ್ರೆ ನಿಮ್ಮದೂ ಅದೇ ಆಗತ್ತೆ. ನಿಮ್ಮ ಮೀನು ನೀವೇ ಹಿಡ್ಕೊಳ್ಳಿ."

ಅವಳು ತುಂಬಿದ್ದು 'ಇಲ್ಲ'. ಆಮೇಲೆ ಅದನ್ನು ಅವಳೇ ನನಗೆ ಹೇಳಿದಳು. ಲೆಂಪಿಯೂ ಇಲ್ಲ ಎಂದಳು, ಹೆಚ್ಚಾಗಿ ಹೆದರಿಕೆಯಿಂದ. ಹಿಲ್ಯಾ ಹೌದು ಎಂದಳು. ಮೂವರೂ ಲಕೋಟೆಗೆ ಸಹಿ ಹಾಕಿ ಗ್ರಂಥಾಲಯದ ಮುಂದಿನ ಪೆಟ್ಟಿಗೆಗೆ ಹಾಕಿ ಬಂದರು.

ಸುದ್ದಿ ಕೇಳಿ ಟೌನೊ ಕುದಿದುಹೋದ. "ಕೊಲ್ಲಿ ವಿಷಯ ಯಾಕೆ ಓದ್ದೆ?"

"ಬರೆದಿತ್ತು, ಓದ್ದೆ."

"ಅಪ್ಪ ಇದ್ದಿದ್ರೆ ನಿನ್ನ ಮನೆ ಮೆಟ್ಟಿಲು ಹತ್ತುತ್ತಿರಲಿಲ್ಲ."

"ಅಪ್ಪ ಇದ್ದಿದ್ರೆ ನಿನ್ನ ಕಿವಿ ಹಿಡಿದು ಓದಿಸ್ತಿದ್ದ."

ಅಂದಿನಿಂದ ಅಕ್ಕನ ಮನೆಗೆ ಮೀನು ಬರುವುದು ನಿಂತಿತು.

ನವೆಂಬರಿನಲ್ಲಿ ಪ್ರಸ್ತಾವ ಗೆದ್ದಿತು. ನಮ್ಮ ಜಿಲ್ಲೆ ಇಲ್ಲ ಎಂದಿತ್ತು, ಪೋರ್ಟ್‌ಲ್ಯಾಂಡ್ ಹೌದು ಎಂದಿತ್ತು. ಅಲ್ಲಿ ಜನ ಜಾಸ್ತಿ. ಹೌದು ಎಂದ ಆ ಲಕ್ಷಾಂತರ ಮಂದಿಯಲ್ಲಿ ಟೌನೊನ ಬಲೆಮನೆಗೆ ಬಂದವಳು ಒಬ್ಬಳೇ, ಹಿಲ್ಯಾ. ನನ್ನ ಕೈಬಲೆ ಸರಿಮಾಡಿಸಲು ಹೋಗಿದ್ದ ನಾನು ಅಲ್ಲೇ ಇದ್ದೆ.

"ನಾನು ಹೌದು ಅಂತ ಹಾಕ್ದೆ ಟೌನೊ."

ಅವನು ಬಲೆಯಿಂದ ತಲೆ ಎತ್ತಲಿಲ್ಲ. "ಗೊತ್ತು."

"ಯಾಕೆ ಅಂತ ಹೇಳೋಕೆ ಬಂದೆ. ತೊಟ್ಟಿ ಮೀನು ಯಾವುದು, ನದೀಲೇ ಹುಟ್ಟಿದ್ದು ಯಾವುದು ಅಂತ ನಿನ್ನ ಬಲೆಗೆ ಗೊತ್ತಾಗಲ್ಲ. ನದೀದನ್ನ ನೀನು ವಾಪಸ್ ಬಿಟ್ರೂ ಎಷ್ಟೋ ಸಾಯ್ತವೆ. ನಿನಗೆ ಕೊಲ್ಲಿ ಉಳಿದಿದೆ. ಅವಕ್ಕೆ ಇನ್ನೊಂದು ನದಿ ಇಲ್ಲ."

"ಕೊಲ್ಲೀಲಿ ಜಾಗ ಎಲ್ಲಿದೆ ಹಿಲ್ಯಾ? ಈಗ್ಲೇ ಬಲೆಗೆ ಬಲೆ ತಾಗತ್ತೆ. ಇನ್ನು ನಾವೆಲ್ಲ ನುಗ್ಗಿದ್ರೆ ದೋಣಿ ಮೇಲೆ ದೋಣಿ ಪೇರಿಸಬೇಕು."

"ಅದು ನನಗೆ ಗೊತ್ತಿರಲಿಲ್ಲ."

"ಕೇಳಿದ್ರೆ ಹೇಳ್ತಿದ್ದೆ. ಎರಡು ಬೀದಿ ಆಚೆ ತಾನೆ ನಿನ್ನ ಮನೆ?"

"ಕೇಳಬೇಕಿತ್ತು. ಕೇಳಿದ್ರೂ ಹೌದು ಅಂತಾನೇ ಹಾಕ್ತಿದ್ದೆ ಅನ್ಸತ್ತೆ. ಆದ್ರೂ ಕೇಳಬೇಕಿತ್ತು."

"ಸರಿ. ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗು. ಚಳಿ."

ರಾಜಿಯಾಯಿತೆಂದು ನಾನು ಬರೆಯುವುದಿಲ್ಲ, ಏಕೆಂದರೆ ಆಗಲಿಲ್ಲ. ಟೌನೊ ದೋಣಿಯನ್ನು ಮಾರಾಟಕ್ಕಿಟ್ಟಿದ್ದಾನೆ. ಆದರೆ ಯಾರ ಹೊಟ್ಟೆಯ ಮೇಲೆ ಹೊಡೆದಳೋ ಅವನ ಮುಂದೆ ಬಂದು ನಿಂತವಳು ಈ ಊರಲ್ಲಿ ಹಿಲ್ಯಾ ಒಬ್ಬಳೇ. ಅವಳೂ ತಡಮಾಡಿ ಬಂದಳು.

ನಿಮ್ಮ ಮುಂದಿನ ಮತಪತ್ರವೂ ಬರುತ್ತದೆ. ಪೆನ್ನು ಹಿಡಿಯುವ ಮೊದಲು ಎದ್ದು ಹೋಗಿ, ಆ ಗೂಡು ಯಾರ ಬದುಕನ್ನು ಮುಟ್ಟುತ್ತದೋ ಅಂಥ ಒಬ್ಬರ ಬಾಗಿಲು ತಟ್ಟಿ, ಕೇಳಿ. ಹೋಗಲು ಮನಸ್ಸಿಲ್ಲವೆ? ಹಾಗಾದರೆ ಆ ಗೂಡನ್ನು ಖಾಲಿ ಬಿಡಿ. ಖಾಲಿ ಬಿಟ್ಟರೆ ಮತಪತ್ರ ಕೆಡುವುದಿಲ್ಲ. ಬಿಡಿ.