ಅಳಿಯನ ಕಾಮಿಕ್ಸಿಗೆ ಅತ್ತೆಯ ವಿಮರ್ಶೆ

ಇಪ್ಪತ್ತೆರಡು ವರ್ಷ ಆಕೆ ಮಾಡಿದ್ದು ಒಂದೇ ಕೆಲಸ: ಪ್ರೆಸ್ಸಿನಲ್ಲಿ ಕೂತು, ಕಾಮಿಕ್ಸ್ ಚಿತ್ರಗಳ ಮಾತಿನ ಗುಳ್ಳೆಗಳೊಳಗೆ ಕೈಯಾರೆ ಅಕ್ಷರ ಬರೆಯುವುದು. ಕಂಪ್ಯೂಟರ್ ಬಂದು ಆ ಕೆಲಸವನ್ನು ನುಂಗಿಹಾಕಿತು. ಆಗ ವಾರಪತ್ರಿಕೆಯ ಸಂಪಾದಕ, ಬೇರೆ ಯಾರೂ ಮೂಸಿಯೂ ನೋಡದ ಹೊಸ ಕಾಮಿಕ್ಸ್‌ಗಳ ವಿಮರ್ಶೆಯನ್ನು ಆಕೆಯ ತಲೆಗೆ ಕಟ್ಟಿದ.

ಪುಟಕ್ಕೆ ಮೂಗು ತಾಗಿಸಿ ದುಡಿದ ಕಣ್ಣು ಅದು, ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. 'ಇದರಲ್ಲಿ ಖಳನಾಯಕ ಒಂಬತ್ತು ಪುಟ ನಗುತ್ತಾನೆ. ಓದುಗ ಒಂದು ಸಲವೂ ನಗುವುದಿಲ್ಲ' ಎಂದು ಒಂದಕ್ಕೆ ಬರೆದಳು. ಇನ್ನೊಂದಕ್ಕೆ, 'ಮುಖಪುಟ ಮಿರಿಮಿರಿ ಮಿಂಚುತ್ತದೆ. ತೆರೆಯದೆ ಇಟ್ಟುಕೊಳ್ಳಿ.' ಪ್ರಕಾಶಕರು ಆಕೆಗೆ ಕತ್ತರಿಯಮ್ಮ ಎಂದು ಹೆಸರಿಟ್ಟರು. ಕೇಳಿ ಒಳಗೊಳಗೇ ಖುಷಿಪಟ್ಟಳು.

ಹೀಗಿರುವಾಗ ಒಂದು ದಿನ ಅಳಿಯನ ಪುಸ್ತಕವೇ ವಿಮರ್ಶೆಗೆ ಬಂತು. ಹಿಂದೆಯೇ ಮಗಳ ಫೋನು.

"ಅಮ್ಮಾ, ಅವ್ರು ಎರಡು ವರ್ಷ ಕಷ್ಟಪಟ್ಟಿದ್ದಾರೆ. ಸ್ವಲ್ಪ ನೋಡ್ಕೊಂಡು ಬರಿ."

"ನೋಡ್ದೇ ಇದ್ದಿದ್ರೆ ಹೊಗಳ್ಬಹುದಿತ್ತು ಕಣೆ. ನೋಡ್ಬಿಟ್ಟೆ."

ಭಾನುವಾರ ಅಚ್ಚಾಯಿತು: 'ನಾಯಕನ ಎಡಗೈಗೆ ಗುಂಡು ಬೀಳುತ್ತದೆ, ಬಲಗೈಗೆ ಪಟ್ಟಿ ಕಟ್ಟುತ್ತಾರೆ. ನಾಯಕಿಗೆ ತೆರೆದ ಬಾಯಿ ಬಿಟ್ಟರೆ ಬೇರೆ ಮುಖವೇ ಇಲ್ಲ. ಅರವತ್ತು ಪುಟಗಳಲ್ಲಿ ಜೀವವಿರುವುದು ನಲವತ್ತೊಂದನೆಯದಕ್ಕೆ ಮಾತ್ರ. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ಮುದುಕಿ ಚಪ್ಪಲಿ ಕಳಚಿ, ಊದಿದ ಪಾದವನ್ನು ತಣ್ಣನೆಯ ನೆಲಕ್ಕೆ ಒತ್ತಿ ಕೂತಿದ್ದಾಳೆ. ಇದನ್ನು ಬಿಡಿಸಿದ ಕೈ ಮಿಕ್ಕ ಪುಟಗಳಲ್ಲಿ ಎಲ್ಲಿ ಹೋಗಿತ್ತು?'

ಹತ್ತು ಗಂಟೆಗೆಲ್ಲ ಅಳಿಯ ಬಾಗಿಲಲ್ಲಿ ನಿಂತಿದ್ದ, ಮುಖ ಗಂಟಿಕ್ಕಿಕೊಂಡು. ಹಿಂದೆ ಮಗಳು.

"ಬೇರೆಯವ್ರು ಬೈದಿದ್ರೆ ನುಂಗ್ಕೋತಿದ್ದೆ ಅತ್ತೆ. ನೀವೇ ಹೀಗೆ ಬರೆದ್ರೆ?"

"ಒಂದು ಪುಟ ಹೊಗಳಿದ್ದೀನಲ್ಲಪ್ಪ. ಅದನ್ನ ನೋಡಿ ನಿಜಕ್ಕೂ ಹೆಮ್ಮೆ ಆಯ್ತು."

ಅಳಿಯ ಗೋಡೆಯ ಕಡೆ ತಿರುಗಿದ. ಮಗಳು ಮೆಲ್ಲಗೆ ಹೇಳಿದಳು: "ಆಗ ಅವ್ರಿಗೆ ಜ್ವರ. ಪ್ರೆಸ್ಸಿನವ್ರು ಅವಸರ ಮಾಡ್ತಿದ್ರು. ಆ ಪುಟ ನಾನು ಬಿಡಿಸಿದ್ದು."

ಆಕೆ ಪುಸ್ತಕವನ್ನು ಹಿಂದೆ ಮುಂದೆ ತಿರುವಿಹಾಕಿದಳು. ಕೃತಜ್ಞತೆಯ ಪಟ್ಟಿಯಲ್ಲಿ ಅಳಿಯನಿಗೆ ವ್ಯಾಯಾಮ ಹೇಳಿಕೊಡುವವನ ಹೆಸರೂ ಇತ್ತು. ಮಗಳ ಹೆಸರಿರಲಿಲ್ಲ.

"ಇವಳ ಹೆಸರೆಲ್ಲಿ?"

"ಒಂದೇ ಪುಟಕ್ಕೆ ಯಾಕೆ ಅಂತ..."

"ಇರೋದೇ ಒಂದು ಪುಟ ಅಲ್ವೇನಪ್ಪ?"

ಮುಂದಿನ ವಾರ ತಿದ್ದುಪಡಿ ಬಂತು: 'ನಲವತ್ತೊಂದನೇ ಪುಟ ಲೇಖಕರ ಹೆಂಡತಿಯದು. ಲೇಖಕರಿಗೆ ಸಲ್ಲುವುದು ಮಿಕ್ಕ ಐವತ್ತೊಂಬತ್ತು ಪುಟಗಳ ಬೈಗುಳ ಮಾತ್ರ.'

ನೆಂಟರೆಲ್ಲ ಛೀಮಾರಿ ಹಾಕಿದರು. ಅಳಿಯ ಮೂರು ತಿಂಗಳು ಈ ಕಡೆ ತಲೆ ಹಾಕಲಿಲ್ಲ. "ನನ್ನ ಕೇಳ್ದೆ ಯಾಕೆ ಹಾಕ್ದೆ?" ಎಂದು ಮಗಳೂ ಮಾತು ಬಿಟ್ಟಳು. ಆಕೆಗೆ ಅದೊಂದು ಮಾತ್ರ ಚುಚ್ಚಿತು. ಹೌದು, ಕೇಳಬೇಕಿತ್ತು.

ಆದರೆ ಎರಡೇ ವಾರಕ್ಕೆ ಮಗಳು ತಾನಾಗಿಯೇ ಬಂದಳು, ಕಂಕುಳಲ್ಲಿ ಕಾಗದದ ಸುರುಳಿ. ಹನ್ನೆರಡು ಪುಟಗಳ ಕಥೆ, ಪೂರ್ತಿ ಅವಳದೇ. ಆಕೆ ಕನ್ನಡಕ ಏರಿಸಿ ಕೂತಳು. ಓದಿ ಮುಗಿಸುವಷ್ಟರಲ್ಲಿ ಮಗಳು ಎರಡು ಉಗುರು ಕಚ್ಚಿ ಹಾಕಿದ್ದಳು.

"ಈ ಮೇಜಿಗೆ ಮೂರೇ ಕಾಲು. ಇಲ್ಲಿ ಅಜ್ಜನ ಕತ್ತು ಸೌತೆಕಾಯಿ ಥರ ಇದೆ."

"ಹೊಗಳೋಕೆ ಬರೋದೇ ಇಲ್ವಾ ನಿಂಗೆ?"

"ನಡುವೆ ಎಲ್ಲೂ ಕೆಳಗಿಡ್ದೆ ಓದಿದ್ದೀನಿ. ಇನ್ನೇನು ಬೇಕು?"

ಮಗಳು ಅಜ್ಜನಿದ್ದ ಹಾಳೆಯನ್ನು ಬೇರೆ ತೆಗೆದಿಟ್ಟಳು. ರಬ್ಬರ್ ಹುಡುಕುತ್ತಾ ಒಳಗೆ ಹೋದಳು.