ಮಣ್ಣು ಮುಟ್ಟುತ್ತಿದ್ದ ಉಸ್ತಾದರು

ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿದ್ದ ಗರಡಿಯ ಉಸ್ತಾದರು ಅಖಾಡಕ್ಕೆ ಇಳಿಯುವ ಮುನ್ನ ಬಗ್ಗಿ, ಕೆಮ್ಮಣ್ಣು ಮುಟ್ಟಿ, ಬೆರಳನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದರು. ಬೀಡಿ ಸೇದಿ ಬಂದ ಹುಡುಗನನ್ನು ಬಾಗಿಲಲ್ಲೇ ತಡೆದು, "ಮಣ್ಣಿಗೆ ಗೊತ್ತಾಯ್ತದೆ ಕಣೋ, ಓಗು" ಎಂದು ವಾಪಸು ಕಳಿಸುತ್ತಿದ್ದರು.

ಅಂಥವರು ಗಾಂಜಾ ಮಾರಿ ಸಿಕ್ಕಿಬಿದ್ದರು. ಒಂದು ವರ್ಷ ಸಜೆಯಾಯಿತು. ಮಹಾರಾಜರ ಆಡಳಿತ ಹೋಗಿ ಕೆಲವು ವರ್ಷಗಳಾಗಿದ್ದ ಕಾಲ. ನಾನಾಗ ಜೂನಿಯರ್ ವಕೀಲ. ಅಪೀಲು ಹಾಕಿದವರು ನಮ್ಮ ಸೀನಿಯರ್.

"ಸಿಕ್ಕಿದ್ದು ನೀವೇ ಸೇದೋಕೆ ಇಟ್ಕೊಂಡಿದ್ದು ಅಂತ ವಾದಿಸ್ತೀನಿ," ಎಂದು ಅವರು ಹೇಳಿಕೊಟ್ಟಿದ್ದರು. "ಜಡ್ಜಿ ಕೇಳಿದ್ರೆ ಹೌದು ಅನ್ನಿ. ಸಜೆ ಇಳಿಯುತ್ತೆ." ಉಸ್ತಾದರು ಕುಸ್ತಿಯಲ್ಲಿ ಜಜ್ಜಿಹೋಗಿದ್ದ ಕಿವಿಯನ್ನು ಉಜ್ಜಿಕೊಳ್ಳುತ್ತ ಹೂಂ ಎಂದು ತಲೆಯಾಡಿಸಿದ್ದರು.

ವಿಚಾರಣೆಯ ದಿನ ಕೋರ್ಟಿನ ಹಿಂದಿನ ಬೆಂಚುಗಳ ತುಂಬ ಅವರ ಶಿಷ್ಯರೇ. ಸೀನಿಯರ್ ವಾದ ಮುಗಿಸಿದ ಮೇಲೆ ಜಡ್ಜಿ ಮೃದುವಾಗಿಯೇ ಕೇಳಿದರು: "ಏನಪ್ಪಾ, ನೀನೇ ಸೇದ್ತಿದ್ದೆಯಾ?"

ಉಸ್ತಾದರು ಹಿಂದೆ ತಿರುಗಿ ಹುಡುಗರನ್ನು ನೋಡಿದರು. ಸೀನಿಯರ್ ಕೆಮ್ಮಿದರು.

"ಇಲ್ಲ ಬುದ್ಧಿ. ನಾನು ಒಂದಿನಾನೂ ಸೇದಿದೋನಲ್ಲ. ಮಾರ್ತಿದ್ದೆ."

ಸೀನಿಯರ್ ಮುಖ ಒರೆಸಿಕೊಂಡು ಕುಳಿತುಬಿಟ್ಟರು. ಹಿಂದಿನ ಬೆಂಚುಗಳಲ್ಲಿ ಒಬ್ಬ ಹುಡುಗನೂ ತಲೆ ಎತ್ತಲಿಲ್ಲ.

ಅಪೀಲು ವಜಾ ಆಯಿತು. ಪೊಲೀಸಿನವನು ಹೊರಡಿಸಿದಾಗ ಉಸ್ತಾದರು ಅಭ್ಯಾಸಬಲದಿಂದ ಬಗ್ಗಿ ಕೋರ್ಟಿನ ನೆಲ ಮುಟ್ಟಿದರು. ಬೆರಳನ್ನು ಹಣೆಯ ಹತ್ತಿರ ತಂದು, ತಡೆದು, ನೋಡಿಕೊಂಡರು. ಗಾರೆಯ ನೆಲ, ಏನೂ ಅಂಟಿರಲಿಲ್ಲ. ಆದರೂ ಪಂಚೆಗೆ ಒರೆಸಿಕೊಂಡೇ ನಡೆದರು.